ಎರಡು ಚಿಕ್ಕ ಮಕ್ಕಳು, ಒಬ್ಬರು ಅತ್ತೆ, ಒಂದು ಬಾಡಿಗೆಯ ಮನೆ-ವ್ಯಾನು: ಬೆಳಗಾವಿಯಿಂದ ವಿಜಯಪುರದವರೆಗೆ

ವ್ಯಾನಿನೊಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಮತ್ತು ಪುಟ್ಟದೊಂದು ಶೌಚಾಲಯ ಜೋಡಿಸಿ, ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೇವೆಯೊಂದನ್ನು ನಾವು ಕಳೆದ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಪಡೆದಿದ್ದೆವು. ಸೇವೆ ನೀಡಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ವಾಹನ ಇಟ್ಟುಕೊಂಡು ವ್ಯವಹಾರ ಕಟ್ಟುತ್ತಿರುವವರಿಗೆ ನನ್ನ ದೂರುಗಳು ಹೆಸರಿನ ಸಮೇತ ಅಂಟಿಕೊಳ್ಳುವುದು ನ್ಯಾಯವಲ್ಲ. ಮೇಲಾಗಿ ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಇಂಥ ಯಾವುದೇ ವಾಹನದಲ್ಲಿ ಕಾಣಸಿಗುವಂಥವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಲಗುವ ಕೋಣೆಯಾಗಿ ಈ ವಾಹನ ಚೆನ್ನಾಗಿದೆ, ಅಡುಗೆಮನೆಯಾಗಿ ಅದರ ಅಗತ್ಯ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ, ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಗಾಡಿಯಾಗಿ ಅದು ಇನ್ನೂ ಬಹಳ ಸುಧಾರಿಸಬೇಕು.

ಮಗಳಿಗೆ ಆರು ತುಂಬಿ ಒಂದನೇ ತರಗತಿಗೆ ಸೇರುವ ಮೊದಲು, ಕೆಲವು ತಿಂಗಳ ಕಾಲ ಒಂದೇ ಊರಿನಲ್ಲಿ ನೆಲೆ ನಿಲ್ಲದೆ ಬದುಕಿ ನೋಡಬೇಕೆಂಬ ಆಸೆ ನಮ್ಮಿಬ್ಬರಲ್ಲಿ ಬಹಳ ದಿನಗಳಿಂದ ಇತ್ತು. ಮನೆಯವರ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿಯೇ ನಡೆಯುತ್ತದೆ. ನನ್ನ ಅನುವಾದದ ಕೆಲಸಕ್ಕೂ ಇಂಥದೇ ಊರು ಎಂಬ ನಿಯಮವಿಲ್ಲ. ಮಗನಿಗೆ ಈಗಷ್ಟೇ ಎರಡು ದಾಟಿದೆ. ಇಂಥದೊಂದು ವಾಹನವನ್ನು ಕೊಂಡುಕೊಳ್ಳುವುದೆಂದರೆ ಊರಲ್ಲೊಂದು ಸೈಟು ಮಾರಬೇಕಾದೀತು. ಆದ್ದರಿಂದ ಮೊದಲು ಬಾಡಿಗೆಗೆ ತೆಗೆದುಕೊಂಡು, ಪರಿಚಯದ ಸೀಮೆಯಲ್ಲಿಯೇ ಒಂದು ಸುತ್ತು ಹಾಕಿ ನೋಡೋಣವೆಂದು ನಿರ್ಧರಿಸಿದೆವು. "ಮನೀ ಇದ್ದೂ ಬಯಲಾಗ ಮಲಗೂದು ಯಾವ ಶಾಣ್ಯಾತನವಾ?" ಎಂದು ಅತ್ತೆಯವರು ಕೇಳಿದರು. ಕೇಳಿದವರೇ ಹೊರಡುವ ದಿನ ಎಲ್ಲರಿಗಿಂತ ಮೊದಲು ತಮ್ಮ ಚೀಲ ಕಟ್ಟಿಕೊಂಡು ಸಿದ್ಧರಾಗಿದ್ದರು.

ವಾಹನ ಟೆಂಪೊ ಟ್ರಾವೆಲರ್‌ನಷ್ಟು ದೊಡ್ಡದು. ಹಿಂದೆ ಅಡ್ಡಲಾಗಿ ಒಂದು ಅಗಲವಾದ ಹಾಸಿಗೆ, ಅದರ ಮೇಲೆ ಅಟ್ಟದಂತೆ ಇನ್ನೊಂದು, ನಡುವೆ ಮಡಚಿದರೆ ಮಂಚವಾಗುವ ಬೆಂಚು. ಎಲ್ಲ ಕಿಟಕಿಗಳಿಗೂ ಸೊಳ್ಳೆಯ ಜಾಳಿಗೆ, ಚಾವಣಿಯಲ್ಲಿ ಗಾಳಿಕಿಂಡಿ, ಅದರ ಪಕ್ಕದಲ್ಲಿ ಎರಡು ಸೌರಫಲಕಗಳಿವೆ. ವಾಹನ ಒಪ್ಪಿಸುವಾಗ ಮಾಲೀಕರು ಒಂದೊಂದು ಗುಂಡಿಯನ್ನೂ ಒತ್ತಿ ತೋರಿಸಿ, ನಮ್ಮ ಕೈಯಿಂದಲೂ ಒಮ್ಮೆ ಮಾಡಿಸಿ, ಆರ್‌ಸಿಯಲ್ಲಿ ವಾಹನದ ವರ್ಗ ಏನೆಂದು ನಮೂದಾಗಿದೆ ಎಂಬುದನ್ನು ನಾವು ಕೇಳುವ ಮೊದಲೇ ತೋರಿಸಿದರು. ಈ ಕೊನೆಯ ಅಂಶವನ್ನು ಬಾಡಿಗೆಗೆ ಪಡೆಯುವವರು ತಪ್ಪದೆ ನೋಡಬೇಕು. ಮನೆಯಂತೆ ಬಳಸುವ ವಾಹನಗಳಿಗೆ ಪ್ರತ್ಯೇಕ ಮಾನದಂಡವಿದೆ. ಸರಕಿನ ವ್ಯಾನನ್ನು ಕೊಂಡು, ಪರಿಚಯದ ಗ್ಯಾರೇಜಿನಲ್ಲಿ ಹಾಸಿಗೆ-ಒಲೆ ಕೂರಿಸಿ, ನೋಂದಣಿಯನ್ನು ಹಾಗೆಯೇ ಬಿಟ್ಟ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕಾಗಿ ಅಲೆಯಬೇಕಾಗುತ್ತದೆ. ಬಾಡಿಗೆಗೆ ಕೊಟ್ಟು ಗಿರಾಕಿಯೇ ಓಡಿಸುವ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇರಬೇಕು, ಇದಕ್ಕೆ ಇತ್ತು.

ಹಾಸಿಗೆಯ ವಿಷಯದಲ್ಲಿ ನಾನು ಪೂರ್ಣ ಅಂಕ ಕೊಡುತ್ತೇನೆ. ಮಾಲೀಕರು ಪೇಟೆಯ ರಜಾಯಿಗಳ ಬದಲು ಕೌದಿಗಳನ್ನು ಇಟ್ಟಿದ್ದಾರೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಕಿ ಅಂಚಿನಿಂದ ನಡುವಿನವರೆಗೆ ಸಾಲು ಹೊಲಿಗೆಯಲ್ಲಿ ಕೂಡಿಸಿದ ಕೌದಿ ಡಿಸೆಂಬರಿನ ಬಯಲುಸೀಮೆಯ ರಾತ್ರಿಗೆ ಸರಿಯಾದ ಹೊದಿಕೆ. ನಡುರಾತ್ರಿಯ ಚಳಿಗೆ ಸಾಕಾಗುತ್ತದೆ, ಮುಂಜಾನೆ ಬಿಸಿಲೇರಿದಾಗ ಬೆವರು ಬರಿಸುವುದಿಲ್ಲ. ನಮ್ಮ ಮಗ ತನ್ನ ಕೌದಿಯಲ್ಲಿದ್ದ ಹಳದಿ ಚೌಕದ ಒಂದು ತುಂಡನ್ನು ಬೆರಳಿನಿಂದ ತಡವುತ್ತಲೇ ನಿದ್ದೆ ಹೋಗುತ್ತಿದ್ದ. ದಿನಕ್ಕೊಂದು ಲಾಡ್ಜಿನಲ್ಲಿ ಮಲಗಿಸಿದಾಗ ಹೊಸ ಗೋಡೆ, ಹೊಸ ವಾಸನೆಗೆ ಅಂಜಿ ಹನ್ನೊಂದರವರೆಗೆ ಗೋಳಾಡುತ್ತಿದ್ದ ಮಗುವಿಗೆ, ಊರು ಯಾವುದೇ ಇರಲಿ ಮಲಗುವ ಜಾಗ ಮಾತ್ರ ಅದೇ ಆಗಿದ್ದುದು ದೊಡ್ಡ ಉಪಕಾರವಾಯಿತು. ಚಿಕ್ಕ ಮಕ್ಕಳಿರುವವರು ಇಂಥ ವಾಹನಕ್ಕೆ ಹಣ ಕೊಡಲು ಇದೊಂದೇ ಸಾಕಾದ ಕಾರಣವೆಂದು ನನಗನಿಸುತ್ತದೆ.

ಅಸಮಾಧಾನ ಶುರುವಾಗುವುದು ಗಾಡಿ ಹೊರಟಾಗ. ಮುಂದಿನ ಎರಡು ಆಸನಗಳನ್ನು ಬಿಟ್ಟರೆ ಉಳಿದವರು ಕೂರಬೇಕಾದುದು ನಡುವಿನ ಬೆಂಚಿನ ಮೇಲೆ; ಅದರಲ್ಲಿ ಪಕ್ಕಕ್ಕೆ ಮುಖ ಮಾಡಿ ಕೂರಬೇಕು, ಸೊಂಟಕ್ಕೆ ಮಾತ್ರ ಬಿಗಿಯುವ ಪಟ್ಟಿಯಿದೆ. ಮಕ್ಕಳ ಆಸನವನ್ನು ಭದ್ರವಾಗಿ ಕಟ್ಟಬೇಕಾದರೆ ಮುಂದಕ್ಕೆ ಮುಖ ಮಾಡಿದ ಸೀಟು ಮತ್ತು ಹೆಗಲಿನ ಮೇಲಿಂದ ಬರುವ ಬೆಲ್ಟು ಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಆಸನವಾಗಲಿ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ದಂಡದ ಮಾತು ಹಾಗಿರಲಿ, ಯರಗಟ್ಟಿ ದಾಟಿದ ಮೇಲೆ ಎದುರಿಗೆ ಬಂದ ದನಗಳ ಹಿಂಡಿಗೆ ಬ್ರೇಕ್ ಹಾಕಿದಾಗ ಬೆಂಚಿನ ಮೇಲಿದ್ದ ಮಗಳು ಪಕ್ಕಕ್ಕೆ ವಾಲಿ ಒಲೆಯ ಕಟ್ಟೆಗೆ ಮೊಣಕೈ ಬಡಿದುಕೊಂಡಳು. ಅಲ್ಲಿಂದ ಮುಂದೆ ಮುಂದಿನ ಸೀಟಿನಲ್ಲಿ ಮಗನ ಆಸನವನ್ನು ಕಟ್ಟಿ, ಅತ್ತೆ, ಮಗಳು, ನಾನು ಹಿಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು, ಗಾಡಿಯನ್ನು ಐವತ್ತರ ಮೇಲೆ ಓಡಿಸದಂತೆ ಮನೆಯವರಿಗೆ ಹೇಳುತ್ತ ಸಾಗಿದೆವು. ಗೋಡೆಯ ಮೇಲೊಂದು ಟಿವಿ, ಬಣ್ಣ ಬದಲಿಸುವ ದೀಪಗಳ ಸಾಲು, ಹಾಡಿನ ಪೆಟ್ಟಿಗೆ ಇವೆಲ್ಲ ಇರುವ ವಾಹನದಲ್ಲಿ, ಕುಟುಂಬಗಳಿಗಾಗಿಯೇ ಎಂದು ಜಾಹೀರಾತು ಮಾಡುವ ವಾಹನದಲ್ಲಿ, ಎರಡು ಸರಿಯಾದ ಸೀಟುಗಳಿಲ್ಲದಿರುವುದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ. ಪಕ್ಕದ ಬಾಗಿಲಿನ ಚಿಲಕವೂ ಎರಡು ವರ್ಷದ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿದೆ. ಒಳಗಿನಿಂದ ಲಾಕ್ ಮಾಡುವ ಗುಂಡಿ ಇದ್ದರೂ ಅದನ್ನು ಪ್ರತಿ ಸಲ ನೆನಪಿಟ್ಟು ಒತ್ತಬೇಕು.

ಸೆಕೆಯ ಬಗ್ಗೆಯೂ ಎರಡು ಮಾತು. ಡಿಸೆಂಬರಿನಲ್ಲಿಯೂ ನಮ್ಮ ಕಡೆ ಮಧ್ಯಾಹ್ನದ ಬಿಸಿಲು ತಗಡಿನ ಚಾವಣಿಯನ್ನು ಹೆಂಚಿನಂತೆ ಕಾಯಿಸುತ್ತದೆ. ಏಸಿ ಇದೆ ಎಂದು ಹೇಳುತ್ತಾರೆ, ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ: 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯೆಂದರೆ ಹೆಚ್ಚೆಂದರೆ ಎರಡೂಕಾಲು ಯೂನಿಟ್ಟು ಚಿಲ್ಲರೆ, ಲೆಡ್-ಆಸಿಡ್ ಮಾದರಿಯದಾದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬ್ಯಾಟರಿಯ ಆಯುಷ್ಯವೇ ಕಡಿಮೆಯಾಗುತ್ತದೆ. ತಾಸಿಗೆ ಒಂದು ಯೂನಿಟ್ಟು ಎಳೆಯುವ ಏಸಿ ಅಷ್ಟರಲ್ಲಿ ಎಷ್ಟು ಹೊತ್ತು ನಡೆದೀತು? ಹೊರಗಿನ ಕರೆಂಟಿಗೆ ತಂತಿ ಜೋಡಿಸಿದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಇಪ್ಪತ್ತೈದು ವ್ಯಾಟಿನ ಪುಟ್ಟ ಫ್ಯಾನುಗಳಾದರೋ ರಾತ್ರಿಯಿಡೀ ತಿರುಗಿದರೂ ಬೆಳಿಗ್ಗೆ ಬ್ಯಾಟರಿಯ ಮುಳ್ಳು ಅಷ್ಟೇನೂ ಇಳಿದಿರುತ್ತಿರಲಿಲ್ಲ. ಹೀಗಾಗಿ ಹನ್ನೆರಡರಿಂದ ನಾಲ್ಕರವರೆಗೆ ಬೇವಿನ ಗಿಡದ ನೆರಳು ಹುಡುಕಿ ನಿಲ್ಲಿಸಿ, ಹೊರಗೆ ಚಾಪೆ ಹಾಸುವುದೇ ನಮ್ಮ ಪದ್ಧತಿಯಾಯಿತು. ಬದಿಯಿಂದ ಬಿಚ್ಚಿಕೊಳ್ಳಬೇಕಾದ ನೆರಳಿನ ಪರದೆ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಫೆಬ್ರುವರಿ ಮುಗಿದ ಮೇಲೆ, ಅದರಲ್ಲೂ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳುಗಳಲ್ಲಿ, ಮಕ್ಕಳೊಂದಿಗೆ ಈ ವಾಹನವನ್ನು ಪಡೆಯಬಾರದೆಂದು ಸ್ಪಷ್ಟವಾಗಿ ಹೇಳುತ್ತೇನೆ.

ಬಾದಾಮಿಯಲ್ಲಿ ಊರ ಹೊರಗಿನ ಒಂದು ಹೋಟೆಲಿನವರು, ರಾತ್ರಿಯ ಊಟ ಅವರಲ್ಲಿಯೇ ಮಾಡುವ ಕರಾರಿನ ಮೇಲೆ, ಆವರಣದಲ್ಲಿ ಗಾಡಿ ನಿಲ್ಲಿಸಲು ಒಪ್ಪಿದರು. ಗುಹೆಗಳ ಕೆಳಗಿನ ವಾಹನ ನಿಲ್ದಾಣದಲ್ಲಿ ಹಗಲು ನಿಲ್ಲಿಸಿದ್ದಾಗ ಅಲ್ಲಿಯ ಮಂಗಗಳ ಪರಿಚಯವಾಯಿತು. ಕಿಟಕಿಗಳನ್ನು ಮುಚ್ಚಿದ್ದೆವು, ಚಾವಣಿಯ ಗಾಳಿಕಿಂಡಿಯನ್ನು, ಜಾಳಿಗೆ ಇದೆಯಲ್ಲ ಎಂದು, ನಾಲ್ಕು ಬೆರಳಿನಷ್ಟು ತೆರೆದಿಟ್ಟಿದ್ದೆವು. ನಾವು ಮರಳುವ ಹೊತ್ತಿಗೆ ಒಂದು ದೊಡ್ಡ ಗಂಡು ಮಂಗ ಕಿಂಡಿಯ ಬದಿಗೆ ಕೂತು, ಹರಿದ ಜಾಳಿಗೆಯೊಳಗೆ ಹೆಗಲವರೆಗೆ ಕೈ ತೂರಿ, ಅಟ್ಟದ ಹಾಸಿಗೆಯ ಮೇಲಿದ್ದ ಬಾಳೆಹಣ್ಣಿನ ಗೊನೆಯಿಂದ ಒಂದೊಂದನ್ನೇ ಬಿಡಿಸಿ ತೆಗೆಯುತ್ತಿತ್ತು. ಕೆಳಗೆ ಎರಡು ಮರಿಗಳು ಸಿಪ್ಪೆಗಾಗಿ ಜಗಳವಾಡುತ್ತಿದ್ದವು. ಮಕ್ಕಳಿಗೆ ಆ ದಿನ ಮೂರನೇ ಗುಹೆಯ ವಿಷ್ಣುವಾಗಲಿ, ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನವಾಗಲಿ ನೆನಪಿನಲ್ಲಿ ಉಳಿಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅಗಸ್ತ್ಯತೀರ್ಥದ ದಂಡೆಯ ಉದ್ದಕ್ಕೂ ಭೂತನಾಥ ಗುಡಿಯವರೆಗೆ ನಡೆಯುವುದು ಮಾತ್ರ ಚಿಕ್ಕ ಕಾಲುಗಳಿಗೂ ಆಗುವ ದಾರಿ. ಸಂಜೆ ಅಲ್ಲಿ ಸಾಕಷ್ಟು ಹೊತ್ತು ಕಳೆದೆವು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲವಾದ್ದರಿಂದ, ಮಕ್ಕಳು ಬೇಸರಪಟ್ಟರೆ ಅರ್ಧಕ್ಕೆ ಬಿಟ್ಟು ಬರುವುದಕ್ಕೂ ಮನಸ್ಸು ಹಿಂಜರಿಯುವುದಿಲ್ಲ.

ಅಡುಗೆಯ ವಿಚಾರಕ್ಕೆ ಬರುತ್ತೇನೆ. ಬಾಡಿಗೆಯ ಒಂದು ದೊಡ್ಡ ಪಾಲು ಒಲೆ, ಸಿಂಕು, ಫ್ರಿಜ್ಜು, ಐದು ಕಿಲೋ ಸಿಲಿಂಡರು ಇರುವ ಆ ಕಟ್ಟೆಗಾಗಿಯೇ ಹೋಗುತ್ತದೆ ಎಂದು ನನ್ನ ಅಂದಾಜು. ನಾವು ಅದರಲ್ಲಿ ಹಾಲು ಕಾಯಿಸಿದೆವು, ಚಹಾ ಮಾಡಿದೆವು, ಮಗನಿಗೆ ಮೆತ್ತಗಿನ ಅನ್ನ ಬೇಯಿಸಿದೆವು. ಅದಕ್ಕಿಂತ ಹೆಚ್ಚು ಮಾಡುವ ಅಗತ್ಯವೇ ಬೀಳಲಿಲ್ಲ. ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳಿನ ಪಲ್ಯ, ಪುಟ್ಟ ಗಡಿಗೆಯ ಗಟ್ಟಿ ಮೊಸರನ್ನು ಕೂತಲ್ಲಿಗೇ ತಂದು ಬಡಿಸುತ್ತಾರೆ. "ಕೂಸಿಗೆ ಖಾರ ಆಗೂದುಲ್ಲವಾ, ಮೊಸರಾಗ ಮುರದು ಹಾಕ್ತೀನಿ ತಗೋ" ಎಂದು ಒಬ್ಬರು ತಾವೇ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಮಗನಿಗೆ ಉಣ್ಣಿಸಿದರು. ಕೂಡಲಸಂಗಮದಲ್ಲಿ ದಾಸೋಹವಿದೆ. ಊರೂರಿಗೆ ಖಾನಾವಳಿಗಳಿವೆ, ಎಣ್ಣೆಗಾಯಿ ಮತ್ತು ಶೇಂಗಾ ಹಿಂಡಿಗೆ ಅವುಗಳಲ್ಲಿ ಬರವಿಲ್ಲ. ಮುಚ್ಚಿದ ವಾಹನದೊಳಗೆ ಅನಿಲದ ಒಲೆ ಉರಿಸುವುದು ಅಪಾಯಕರವೂ ಹೌದು. ಕಿಟಕಿ ತೆರೆಯದೆ ಚಳಿಗೆಂದು ಒಲೆ ಹಚ್ಚಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು, ಅದಕ್ಕೆ ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಸಾಧನ ಈ ವಾಹನದಲ್ಲಿ ಇರಲಿಲ್ಲ. ಟಿವಿಯ ಬೆಲೆಯಲ್ಲಿ ಅಂಥವು ಎಷ್ಟೋ ಬರುತ್ತವೆ.

ಶೌಚಾಲಯದ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕೆಳಗಿನ ಪೆಟ್ಟಿಗೆಯನ್ನು ಎಳೆದು ತೆಗೆದು ಎಲ್ಲಾದರೂ ಖಾಲಿ ಮಾಡಬೇಕು. ಅದನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಸುಲಭ ಶೌಚಾಲಯಕ್ಕೆ ಹೋದ ಮನೆಯವರಿಗೆ, ಒಬ್ಬರ ದುಡ್ಡು ಕೊಟ್ಟು ಐದು ಮಂದಿಯದನ್ನು ತಂದಿದ್ದೀರಿ ಎಂದು ಅಲ್ಲಿಯವರು ಆಕ್ಷೇಪ ತೆಗೆದರು; ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಐದು ಜನರ ಹಣ ಕೊಟ್ಟು ಬಂದರು. ರಾತ್ರಿ ಮಕ್ಕಳಿಗೆ ಅನುಕೂಲ ಎಂಬುದನ್ನು ಬಿಟ್ಟರೆ ಅದರ ಉಪಯೋಗ ಕಡಿಮೆ. ನೀರಿನ ಟ್ಯಾಂಕು ಸಣ್ಣದು, ಸ್ನಾನಕ್ಕೆ ಸಾಲದು. ಮಹಾಕೂಟದಲ್ಲಿ ಬುಗ್ಗೆಯ ನೀರು ಬಂದು ತುಂಬುವ ವಿಷ್ಣು ಪುಷ್ಕರಣಿಯಲ್ಲಿ ಮಕ್ಕಳನ್ನು ಕೈ ಹಿಡಿದು ಇಳಿಸಿದಾಗ, ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ತಾವೂ ಇಳಿದುಬಿಟ್ಟರು.

ಪಟ್ಟದಕಲ್ಲು ಮತ್ತು ಐಹೊಳೆಯ ನಡುವೆ ಅಂತರ ಬಹಳವಿಲ್ಲ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಪ್ರವಾಸಿಗರೇ ಹೆಚ್ಚು. ನಾವು ಹಾಗೆ ಮಾಡಲಿಲ್ಲ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಗುಡಿಗಳ ಸುತ್ತ ಹುಲ್ಲಿನ ಹಾಸು ಇರುವುದರಿಂದ ಮಕ್ಕಳನ್ನು ಓಡಲು ಬಿಟ್ಟು, ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ನಾವು ಸರದಿಯ ಮೇಲೆ ನೋಡಿದೆವು. ಐಹೊಳೆಯಿಂದ ಅಮೀನಗಡಕ್ಕೆ ಬಂದು ಕರದಂಟು ಕೊಂಡೆವು, ಅದು ಕೂಡಲಸಂಗಮ ತಲುಪುವುದರೊಳಗೆ ಮುಗಿದುಹೋಯಿತು.

ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಮಕ್ಕಳೊಂದಿಗೆ ತಿರುಗುವುದನ್ನು ನಮ್ಮಂಥವರು ಈಗ ಪರ್ಯಾಯ ಜೀವನವೆಂದು ಕರೆದುಕೊಳ್ಳುತ್ತೇವೆ. ಅಮೀನಗಡದ ಆಚೆ ರಸ್ತೆ ಬದಿಯ ಹೊಲದಲ್ಲಿ ಕುರಿಹಟ್ಟಿ ಬೀಡುಬಿಟ್ಟಿತ್ತು. ಕುದುರೆಯ ಮೇಲಿಂದ ಇಳಿಸಿದ ಪಾತ್ರೆಪಗಡ, ಬಲೆಯೊಳಗೆ ಮರಿಗಳು, ಕಂಬಳಿಯ ಮೇಲೆ ನಮ್ಮ ಮಗನ ವಯಸ್ಸಿನದೇ ಒಂದು ಕೂಸು. ನಾವು ಗಾಡಿ ನಿಲ್ಲಿಸಿದಾಗ ಆ ಮನೆಯ ಹಿರಿಯರು ಸುತ್ತಲೂ ಒಮ್ಮೆ ನೋಡಿ, "ಇದೇನ್ರಿ, ನಾಟಕ ಕಂಪನಿ ಗಾಡಿ ಏನು?" ಎಂದು ಕೇಳಿದರು, ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದಿಳಿಯುವ ಕಾಲ ಹತ್ತಿರವಿದ್ದುದರಿಂದ ಸಹಜವಾದ ಊಹೆಯೇ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಳ್ಳುವ ಕಡಿಯುವವರ ಕುಟುಂಬಗಳೂ ಹೀಗೆಯೇ ತಿಂಗಳುಗಟ್ಟಲೆ ಮಕ್ಕಳೊಂದಿಗೆ ಊರು ಬಿಟ್ಟಿರುತ್ತವೆ, ಆ ಮಕ್ಕಳ ಶಾಲೆ ಅಲ್ಲಿಗೆ ಕಡಿದುಹೋಗುತ್ತದೆ. ನಮ್ಮ ಮಗಳ ಶಾಲೆ ನಮ್ಮ ಇಷ್ಟದ ಪ್ರಕಾರ ಕಾದು ಕೂತಿದೆ. ಈ ವ್ಯತ್ಯಾಸವನ್ನು ಮರೆತು ಅಲೆಮಾರಿತನದ ಸೊಗಸನ್ನು ಬಣ್ಣಿಸಲು ನನಗೆ ಮನಸ್ಸು ಬರುವುದಿಲ್ಲ. ಆದರೂ ದೀರ್ಘಕಾಲ ಹೊರಡುವವರಿಗೆ ಒಂದು ಉಪಯುಕ್ತ ಮಾತು: ಮಕ್ಕಳ ಲಸಿಕೆಗೆ ಊರಿಗೇ ಮರಳಬೇಕಾಗಿಲ್ಲ. ಮಗುವಿನ ಲಸಿಕೆಗಳ ದಾಖಲೆಯಿರುವ ತಾಯಿ ಕಾರ್ಡ್ ಜೊತೆಗಿದ್ದರೆ ದಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ, ಲಸಿಕೆಯ ದಿನ ಯಾವುದೆಂದು ಕೇಳಿಕೊಂಡು, ಹಾಕಿಸಬಹುದು.

ಕೂಡಲಸಂಗಮದಲ್ಲಿ ಅನುಮತಿ ಕೇಳಿ ಬೆಳಕಿರುವ ಕಡೆ ಗಾಡಿ ನಿಲ್ಲಿಸಿದೆವು. ಕೃಷ್ಣೆ-ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿಯುವ ಮೆಟ್ಟಿಲುಗಳನ್ನು ಮಗಳು ಎಣಿಸುತ್ತ ಇಳಿದು, ನಡುವೆ ಲೆಕ್ಕ ತಪ್ಪಿ ಮತ್ತೆ ಮೇಲೆ ಹತ್ತಿದಳು. ಆಲಮಟ್ಟಿಯಲ್ಲಿ ಉದ್ಯಾನಗಳು ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ, ಸಂಜೆಯ ಸಂಗೀತ ಕಾರಂಜಿಗೆ ಜನಜಂಗುಳಿ ಇರುತ್ತದೆ. ಹೀಗೆ ಕತ್ತಲಾದ ಮೇಲೆ ಮುಗಿಯುವ ಕಾರ್ಯಕ್ರಮ ಇದ್ದಾಗ ವಾಹನದ ಬೆಲೆ ತಿಳಿಯುತ್ತದೆ: ಮಗ ಕಾರಂಜಿಯ ನಡುವೆಯೇ ನಿದ್ದೆ ಹೋದ, ಅವನನ್ನು ಎತ್ತಿಕೊಂಡು ಬಂದು ಅವನದೇ ಹಾಸಿಗೆಯಲ್ಲಿ ಮಲಗಿಸಿದೆವು. ವಿಜಯಪುರದಲ್ಲಿಯೂ ಅಷ್ಟೇ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಾಲಾ ಮಕ್ಕಳ ಬಸ್ಸುಗಳು ಬಂದ ನಂತರ ಕೂಗಾಟದ ಹೊರತು ಏನೂ ಕೇಳಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋದರೆ ಮಾತ್ರ, ಒಳಗೆ ಸುಮಾರು 38 ಮೀಟರು ಅಗಲದ ಗುಮ್ಮಟದ ಆಚೆ ಬದಿಯಿಂದ ಅಜ್ಜಿ ಕರೆದುದು ಈಚೆ ನಿಂತ ಮೊಮ್ಮಗಳ ಕಿವಿಗೆ ಬೀಳುತ್ತದೆ. ಲಾಡ್ಜಿನಿಂದ ಮಕ್ಕಳನ್ನು ಎಬ್ಬಿಸಿ ತಯಾರು ಮಾಡಿ ಅಷ್ಟು ಬೇಗ ಅಲ್ಲಿರುವುದು ನಮ್ಮಂಥವರಿಂದ ಆಗದ ಮಾತು. ಮೂಲೆಯ ಗೋಪುರದ ಮೆಟ್ಟಿಲುಗಳು ಮಾತ್ರ ಕಡಿದು, ಇಕ್ಕಟ್ಟು. ಎರಡು ವರ್ಷದವನನ್ನು ಬೆನ್ನಿಗೆ ಕಟ್ಟಿಕೊಂಡೇ ಹತ್ತಬೇಕು.

ಚಳಿಗಾಲದ ಪ್ರವಾಸಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದಿನ ಕೆಂಪು ದೀಪವಿಲ್ಲದೆ, ಬೆಳಗಾವಿ-ಬಾಗಲಕೋಟೆಯ ರಸ್ತೆಗಳಲ್ಲಿ ರಾತ್ರಿಯಿಡೀ ಸಾಗುತ್ತವೆ. ಈ ವಾಹನದ ತೂಕ ಮತ್ತು ಎತ್ತರಕ್ಕೆ ಕತ್ತಲಲ್ಲಿ ಒಮ್ಮೆಲೇ ಬ್ರೇಕ್ ಹಾಕುವುದು ಸುಲಭವಲ್ಲ. ಸೂರ್ಯ ಮುಳುಗುವ ಮೊದಲೇ ನಿಲ್ಲುವ ಜಾಗ ಗೊತ್ತುಮಾಡಿಕೊಳ್ಳುವುದು ಲೇಸು. ಏನೂ ಸಿಗದಿದ್ದರೆ ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕಿಸಿ ವಿನಂತಿಸಿದರೆ ನೀರು, ಬೆಳಕು, ಕಾವಲು ಮೂರೂ ದೊರೆಯುತ್ತವೆ.

ಬಾಡಿಗೆ ದಿನಕ್ಕೆ 6,500 ರೂಪಾಯಿ, ಡೀಸೆಲ್ ನಮ್ಮದು, ಲೀಟರಿಗೆ ಒಂಬತ್ತು ಕಿಲೋಮೀಟರಿನ ಆಸುಪಾಸು ಓಡುತ್ತದೆ. ನಮ್ಮದೇ ಕಾರಿನಲ್ಲಿ ಹೋಗಿ ಸಾಧಾರಣ ಲಾಡ್ಜುಗಳಲ್ಲಿ ಉಳಿದಿದ್ದರೆ ಖರ್ಚು ಅರ್ಧದಷ್ಟೂ ಆಗುತ್ತಿರಲಿಲ್ಲ. ಆದ್ದರಿಂದ ಹಣ ಉಳಿಸಲು ಯಾರೂ ಇದನ್ನು ಪಡೆಯಬೇಕಾಗಿಲ್ಲ. ನಿದ್ದೆಯ ವಿಷಯದಲ್ಲಿ ಹಟ ಮಾಡುವ ಪುಟ್ಟ ಮಕ್ಕಳು ಮತ್ತು ದಿನಾ ಚೀಲ ಬಿಚ್ಚಿ ಕಟ್ಟಲಾರದ ಹಿರಿಯರು ಜೊತೆಗಿರುವವರು, ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಓಡದ ಯೋಜನೆ ಹಾಕಿಕೊಂಡು ಪಡೆಯಬಹುದು. ಕಾರು ಇರುವವರು ಮಕ್ಕಳನ್ನು ಅದರಲ್ಲಿ ಕೂರಿಸಿ, ವ್ಯಾನನ್ನು ಇನ್ನೊಬ್ಬರು ಓಡಿಸುವಂತೆ ಮಾಡಿಕೊಂಡರೆ ಸೀಟಿನ ತೊಂದರೆ ತಪ್ಪುತ್ತದೆ.

ವಿಜಯಪುರದಿಂದ ಕೊಲ್ಹಾರದ ದಾರಿ ಹಿಡಿದು, ಅಲ್ಲಿಯ ಗಡಿಗೆ ಮೊಸರನ್ನು ಫ್ರಿಜ್ಜಿನಲ್ಲಿಟ್ಟು (ಅದರ ಅತ್ಯುತ್ತಮ ಉಪಯೋಗ ಇದೇ ಆಯಿತು), ಲೋಕಾಪುರ, ಯರಗಟ್ಟಿಯ ಮೇಲೆ ಬೆಳಗಾವಿಗೆ ಮರಳಿದೆವು. ಸೀಟಿನ ದೂರನ್ನು ಮಾಲೀಕರು ಬರೆದುಕೊಂಡರು, ಅಡ್ಡ ಬೆಂಚನ್ನು ತೆಗೆದು ಮುಂದಕ್ಕೆ ಮುಖ ಮಾಡಿದ ಎರಡು ಆಸನ ಹಾಕಿಸುವ ವಿಚಾರವಿದೆ ಎಂದರು. ಅದನ್ನು ಮಾಡಿಸಿದ್ದಾರೆಯೇ ಎಂದು ಮುಂಗಡ ಕೊಡುವ ಮೊದಲು ಕೇಳಿ, ಫೋಟೊ ತರಿಸಿಕೊಳ್ಳಿ. ಠೇವಣಿಯಿಂದ ಹರಿದ ಜಾಳಿಗೆಗೆಂದು 1,200 ರೂಪಾಯಿ ಮುರಿದುಕೊಂಡರು. ಮಂಗನ ಕೆಲಸ ಅದೆಂದು ಮನೆಯವರು ವಾದಿಸಿ ನೋಡಿದರು. ಕರಾರು ಪತ್ರವನ್ನು ತೆಗೆದು ತೋರಿಸಿದಾಗ ಅದರಲ್ಲಿ "ಪ್ರಾಣಿಗಳಿಂದ ಆಗುವ ಹಾನಿ" ಎಂಬ ಸಾಲು ನಿಜಕ್ಕೂ ಇತ್ತು.